ಬಾವಿ ಪಕ್ಕ ಕೊಟ್ಟ ಮಾತು

ರಾತ್ರಿ ಊಟ ಮುಗಿಸಿ ಗಂಡ ಹೆಂಡತಿ ಇಬ್ಬರೂ ಲಾಡ್ಜಿನ ಊಟದ ಮನೆಯಿಂದ ತಮ್ಮ ರೂಮಿಗೆ ನಡೆದು ಬರುತ್ತಿದ್ದರು. ದೊಡ್ಡ ಆವರಣ. ದಾರಿಯಲ್ಲಿ ದೀಪ ಇಲ್ಲ. ನಡುವೆ ಒಂದು ಹಾಳು ಬಾವಿ. ಯಾರಿಗೋ ಆದದ್ದಲ್ಲ ಇದು, ನಮ್ಮ ದೊಡ್ಡಪ್ಪನ ಮಗನಿಗೆ, ಗಡಿಯಾರ ರಿಪೇರಿ ಮಾಡುವ ಅಣ್ಣನಿಗೆ ಆದದ್ದು.

ಅಣ್ಣ ಅತ್ತಿಗೆಯ ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಗಡಿಬಿಡಿಯಲ್ಲಿ ಸಹಿ ಹಾಕಿ ಮುಗಿದಿತ್ತು. ಆವತ್ತು ಗಂಡ ಒಂದು ಒಳ್ಳೆ ಮಾತೂ ಆಡಲಿಲ್ಲ ಎಂದು ಅತ್ತಿಗೆಗೆ ಇಷ್ಟು ವರ್ಷವೂ ಕೊರಗು. ಅದಕ್ಕೇ ಈ ಪ್ರವಾಸ. ಬೆಳಗ್ಗೆ ಲಾಡ್ಜಿನ ಕೆರೆ ದಂಡೆಯಲ್ಲಿ ನಿಂತು ಒಬ್ಬರಿಗೊಬ್ಬರು ಹೊಸದಾಗಿ ಮಾತು ಕೊಡುವುದೆಂದು ನಿಶ್ಚಯವಾಗಿತ್ತು. ಅಣ್ಣನ ಬಾಯಿಂದ ಅಂಥ ಮಾತು ಹೊರಡಿಸುವುದೆಂದರೆ ಕಲ್ಲಿನಲ್ಲಿ ನಾರು ತೆಗೆದಂತೆ.

“ಈಗ್ಲೇ ಒಂದ್ಸಲ ಹೇಳಿ ನೋಡ್ರೀ,” ಅಂದಳು ಅತ್ತಿಗೆ, ಮೆಲ್ಲಗೆ.

“ನಿನ್ ಮುಖ ನೋಡಿದ್ರೆ ನಾಚಿಕೆ ಆಗುತ್ತೆ ಇವಳೇ. ನೀನು ಹಿಂದೆ ಬಾ, ಕೈ ಮಾತ್ರ ಕೊಡು. ನಾನು ತಿರುಗಲ್ಲ.”

ಹೆಂಡತಿಗೆ ಮಾತು ಕೊಡುವ ರೀತಿಯೇ ಇದು? ಅಂತೂ ಎಡಗೈ ಹಿಂದಕ್ಕೆ ಚಾಚಿ, ಅವಳ ಕೈ ಹಿಡಿದು ನಡೆದ. ಅವಳ ಚಪ್ಪಲಿ ಚಟ್... ಚಟ್... ಬಾವಿ ಹತ್ತಿರ ಪಟ್ ಅಂತ ಉಂಗುಷ್ಟ ಕಿತ್ತುಹೋಯಿತು. ಕೈ ಜಾರಿತು. ಅಣ್ಣ ತಿರುಗದೆ ನಿಂತ. ಬಾವಿಯೊಳಗೆ ಗುಳುಂ... ಆಮೇಲೆ ಕೈ ಮತ್ತೆ ಬಂತು. ತಣ್ಣಗಿತ್ತು. ಕೆರೆಗಾಳಿ ಅಂದುಕೊಂಡ. ಅದನ್ನು ಹಿಡಿದು ಮುಂದೆ ನಡೆಯುತ್ತ, ಗಟ್ಟಿ ಮನಸ್ಸು ಮಾಡಿ ಹೇಳಿಯೇಬಿಟ್ಟ:

“ನಿನ್ನನ್ನ ಬಿಟ್ಟು ಎಲ್ಲಿಗೂ ಹೋಗಲ್ಲ. ಯಾವತ್ತೂ.”

“ಹೂಂ...” ಕಿವಿಯ ಹತ್ತಿರವೇ.

ಆಗ ದೂರದಿಂದ, ಬಾವಿ ಕಡೆಯಿಂದ, ಅತ್ತಿಗೆ ಕರೆದಳು. “ರೀ, ಸ್ವಲ್ಪ ತಾಳಿ. ಚಪ್ಪಲಿಗೆ ಪಿನ್ನು ಹಾಕ್ತಿದೀನಿ.”

ಅಣ್ಣ ಕೂಗಿಕೊಂಡ. ಅತ್ತಿಗೆ ಓಡಿ ಬಂದು ಟಾರ್ಚು ಹಾಕಿದಳು. ಯಾರೂ ಇಲ್ಲ. ಅವನ ಎಡಗೈ ಮಾತ್ರ ಏನನ್ನೋ ಹಿಡಿದ ಹಾಗೆ ಮುಚ್ಚಿತ್ತು.

“ಬಿಡಿಸ್ಕೊಳ್ಳೋಕೆ ಆಗ್ತಿಲ್ಲ...”

“ಹೊರಡೋಣ. ಈಗ್ಲೇ.”

ಕಾರಿನಲ್ಲಿ ಕೂರಿಸಿದಳು. ಗೇಟು ದಾಟುತ್ತಲೇ ಅವನ ತೋಳು ಹಿಂದಕ್ಕೆ ಜಗ್ಗಿ ಭುಜದ ಕೀಲು ಲಟಕ್ ಎಂದಿತು. ಇಳಿದು, ನಡೆದು ನೋಡಿದರೂ ಅಷ್ಟೇ. ಗೇಟಿನ ಆಚೆ ಒಂದು ಹೆಜ್ಜೆ ಇಡಲು ಬಿಡಲಿಲ್ಲ. ಗಂಡಸು, ಮಗುವಿನ ಹಾಗೆ ಅತ್ತ.

ಅತ್ತಿಗೆ ಒಬ್ಬಳೇ ಬಾವಿಕಟ್ಟೆಗೆ ಹೋದಳು. ಬಗ್ಗಿ ಪಿಸುಗುಟ್ಟಿದಳು. “ಆ ಮಾತು ನನಗೆ ಹೇಳಿದ್ದು.”

ಆಮೇಲೆ ಕೆಳಗಿನಿಂದ...

“ಕೇಳಿದ್ದು ನಾನು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ಬೆಳಗ್ಗೆ ಅತ್ತಿಗೆ ಕೆರೆ ದಂಡೆಯಲ್ಲಿ ಅವನ ಬಲಗೈ ಹಿಡಿದು ಹೇಳಿದಳಂತೆ: “ಹಾಗಾದ್ರೆ ನಾನೂ ಹೋಗಲ್ಲ.” ಊರಿನ ಮನೆ ಖಾಲಿ ಮಾಡಿ ಬಂದಳು. ಈಗ ಗೇಟಿನ ಒಳಗೇ ಅವರದೊಂದು ಪುಟ್ಟ ಅಂಗಡಿ. ಗಡಿಯಾರವನ್ನು ಅತ್ತಿಗೆ ಹಿಡಿದುಕೊಳ್ಳುತ್ತಾಳೆ, ಅಣ್ಣ ಒಂದೇ ಕೈಯಲ್ಲಿ ಬಿಚ್ಚುತ್ತಾನೆ.

ಮೊನ್ನೆ ನೋಡಲು ಹೋಗಿದ್ದೆ. ಮೂವರೂ ಮಾತಾಡುತ್ತ ಅದೇ ದಾರಿಯಲ್ಲಿ ಹೊರಟೆವು. ನಾನು ಅಣ್ಣನ ಎಡಕ್ಕೆ ಬಂದೆ. ಅತ್ತಿಗೆ ನನ್ನ ತೋಳು ಹಿಡಿದು ಈಚೆಗೆ ಎಳೆದುಕೊಂಡಳು.

“ಆ ಕಡೆ ಬೇಡಪ್ಪ. ಇಕ್ಕಟ್ಟಾಗುತ್ತೆ.”

ಎರಡು ಕಾರು ಓಡಾಡುವಷ್ಟು ಅಗಲದ ದಾರಿ ಅದು. ನಾನೇ ನಡೆದಿದ್ದೇನೆ, ಸುಳ್ಳು ಹೇಳಿ ನನಗೇನು ಬರಬೇಕು?