ಹಲಗೆ ಮೇಲೆ ಕಡೆಯವನು

ಮಳೆ ಬಂದರೆ ಗೋದಾಮಿನಲ್ಲಿ ಮೂಟೆ ಇಳಿಸುವ ಹಾಗಿಲ್ಲ. ಆವತ್ತು ಮಧ್ಯಾಹ್ನ ಮೂರಕ್ಕೇ ಕತ್ತಲು ಕವಿದು ಸುರಿಯತೊಡಗಿತು. ಲಾರಿಗೆ ಟಾರ್ಪಾಲು ಎಳೆದು ಒಂಬತ್ತು ಜನ ಒಳಗೆ ಬಂದು ಕೂತೆವು. ಗೋಣಿ ಉಜ್ಜಿ ಉಜ್ಜಿ ನನ್ನ ಬೆನ್ನು ಹಸಿ ಗಾಯವಾಗಿತ್ತು, ಒರಗುವುದಕ್ಕೂ ಆಗುತ್ತಿರಲಿಲ್ಲ. ಕೆಲಸಕ್ಕೆ ಸೇರಿ ನಲವತ್ತೊಂದನೇ ದಿನ. ಮೂರು ತಿಂಗಳು ತಡೆದುಕೊಂಡವನನ್ನು ಮಾತ್ರ ಮೇಸ್ತ್ರಿ ಖಾಯಂ ಮಾಡುತ್ತಾನೆ. "ಶಾಲೆ ಬಿಟ್ಟ, ಗ್ಯಾರೇಜು ಬಿಟ್ಟ, ಇದನ್ನೂ ಬಿಟ್ಟು ಬಾಲ ಮುದುರಿಕೊಂಡು ಬರ್ತಾನೆ ನೋಡು" ಅಂತ ಭಾವ ಅಕ್ಕನ ಎದುರಿಗೇ ಅಂದಿದ್ದ. ಆ ಮುಖ ನೆನೆದರೆ ಇನ್ನೊಂದು ಮೂಟೆ ಹೊರುವಷ್ಟು ಸಿಟ್ಟು ಬರುತ್ತಿತ್ತು. ಆವತ್ತು ಸಿಟ್ಟಿಗೂ ಸುಸ್ತಾಗಿತ್ತು.

"ಇವತ್ತೇ ಕೊನೆ" ಅಂದೆ, ನನ್ನಷ್ಟಕ್ಕೆ.

ಅದು ಅಜ್ಜನ ಕಿವಿಗೆ ಬಿತ್ತು. ಹರಿದ ಗೋಣಿಗೆ ದಬ್ಬಣದಲ್ಲಿ ಹೊಲಿಗೆ ಹಾಕುವ ಮುದುಕ, ಒಂದು ಕಾಲಕ್ಕೆ ಇದೇ ಗೋದಾಮಲ್ಲಿ ಹೊತ್ತವನು. "ಹೋಗೋನಿದ್ರೆ ಹೋಗಪ್ಪಾ. ಒಂದು ಮಾತು ಕೇಳ್ಕೊಂಡು ಹೋಗು."

"ಶುರುವಾಯ್ತು ದೆವ್ವದ ಪುರಾಣ" ಅಂದ ಗುಂಡ. ನಮ್ಮಲ್ಲೆಲ್ಲ ಕಡ್ಡಿಯಂತಿರುವವನಿಗೆ ಆ ಹೆಸರು. "ನಮ್ಮ ಜೊತೆ ನಾಲ್ಕು ಮೂಟೆ ಹೊರೋಕೆ ಹೇಳಜ್ಜ ಅದಕ್ಕೆ."

"ಹೊರ್ತಾನೆ ಕಣೋ" ಅಂದ ಅಜ್ಜ, ನಗಲಿಲ್ಲ.

"ನೋಡ್ರಪ್ಪಾ, ನೆಲದಿಂದ ಮೂಟೆ ಅಟ್ಟಿಯ ತಲೆವರೆಗೂ ಒರಗಿಸಿರೋ ಈ ಹಲಗೆ ಇದೆಯಲ್ಲ... ನಾಲ್ಕು ಜನ ಹೊತ್ಕೊಂಡು ಸಾಲಾಗಿ ಹತ್ತಿದ್ರೆ ಇದು ಬಗ್ಗುತ್ತೆ, ಏಳುತ್ತೆ, ಮತ್ತೆ ಬಗ್ಗುತ್ತೆ. ಮುಂದಿನವನು ಬಲಗಾಲಿಟ್ಟಾಗ ನೀನೂ ಬಲಗಾಲೇ ಇಡಬೇಕು, ಇಲ್ಲಾಂದ್ರೆ ಹಲಗೆ ಏಳೋ ಹೊತ್ತಿಗೆ ನೀನು ಕಾಲೂರ್ತೀಯ, ಎತ್ತಿ ಬಿಸಾಕುತ್ತೆ. ಹೊಸಬರನ್ನ ಸಾಲಿನ ಕೊನೇಲಿ ಯಾಕೆ ಹಾಕ್ತಾರೆ ಅಂದ್ಕೊಂಡ್ರಿ? ಬಿದ್ರೆ ಒಬ್ಬನೇ ಬೀಳಲಿ ಅಂತ.

"ನನಗಿಂತ ಮುಂಚೆ ಹಾಗೆ ಒಬ್ಬ ಬಿದ್ದಿದ್ದ. ಎರಡನೇ ತಿಂಗಳಲ್ಲಿ. ಮಹಾ ಹಟದವನು. ಮೇಸ್ತ್ರಿ ಏನೋ ಅಂದ ಅಂತ ಉರ್ಕೊಂಡು, ಹೆಜ್ಜೆ ನೋಡದೆ ದಡದಡ ಹತ್ತಿದನಂತೆ... ಮೂಟೆ ಅವನ ಮೇಲೇ ಬಿತ್ತು. ಅವನ ಜಾಗಕ್ಕೇ ನಾನು ಬಂದಿದ್ದು. ನನಗೆ ಯಾರು ಹೇಳ್ತಾರೆ?

"ಮೊದಲ ತಿಂಗಳು ಕೈ ಎತ್ತಿ ತಲೆ ಬಾಚೋಕಾಗ್ತಿರಲಿಲ್ಲ, ಇಪ್ಪತ್ತು ವರ್ಷದ ಕತ್ತೆಗೆ ಅಮ್ಮ ತಲೆ ಬಾಚ್ತಿದ್ಲು. ನಲವತ್ತು ದಿನ ಆಗಿರಬೇಕು, ನಾನೇ ಕಡೆಯವನು, ಅರ್ಧ ಹತ್ತಿದ್ದೆ... ಹಿಂದೆ ಹಲಗೆ ಬಗ್ಗಿತು. ಯಾರೋ ಕಾಲಿಟ್ಟ ಹಾಗೆ. ಬೆನ್ನ ಮೇಲೆ ಮೂಟೆ ಇಟ್ಕೊಂಡು ತಿರುಗೋಕಾಗುತ್ತಾ? ಮೇಲೆ ಹೋಗಿ, ಇಳಿಸಿ, ನೋಡ್ತೀನಿ... ಖಾಲಿ ಹಲಗೆ ಬಗ್ಗುತ್ತಿದೆ, ಏಳುತ್ತಿದೆ. ಮೂರು ಹೆಜ್ಜೆ. ಅಲ್ಲಿಗೆ ನಿಂತ್ಹೋಯ್ತು."

"ಓಡಿ ಹೋಗಲಿಲ್ವಾ ಅಜ್ಜ?" ಗುಂಡನ ದನಿ ಸಣ್ಣಗಾಗಿತ್ತು.

"ಎಲ್ಲಿಗೋ ಓಡೋದು? ಅಪ್ಪ ಹಾಸಿಗೆ ಹಿಡಿದಿದ್ದ, ಇಬ್ಬರು ತಂಗಿಯರು. ದೆವ್ವಕ್ಕಿಂತ ನಮ್ಮನೆ ತಣ್ಣನೆ ಒಲೆ ಹೆಚ್ಚು ಹೆದರಿಸ್ತಿತ್ತು. ಮಾರನೇ ದಿನವೂ ಹತ್ತಿದೆ. ಹಿಂದೆ ಅವನೂ ಹತ್ತಿದ. ನಾನು ಸುಸ್ತಾಗಿ ಹೆಜ್ಜೆ ತಪ್ಪಿದ್ರೆ ಅವನೂ ತಪ್ತಿದ್ದ, ಹಲಗೆ ಹುಚ್ಚೆದ್ದು ಕುಣೀತಿತ್ತು. ನಾನು ಸರಿ ಇಟ್ರೆ ಅವನೂ ಸರಿ. ಆಗ ಹೊಳೀತು... ಇವನು ನನ್ನ ಬೀಳಿಸೋಕೆ ಬಂದೋನಲ್ಲ. ಕಲಿಯೋಕೆ ಬಂದಿದ್ದಾನೆ. ಸತ್ತರೂ ಬಿಡದೆ ಮೂರು ತಿಂಗಳು ಮುಗಿಸೋಕೆ ಬಂದಿದ್ದಾನೆ.

"ಆಮೇಲೆ ನಾನು ಬಾಯಲ್ಲೇ ಹೇಳ್ತಾ ಹತ್ತಿದೆ. ಬಲ... ಎಡ... ನಿಧಾನ. ನನಗೆ ಹೇಳ್ಕೊಂಡೆನೋ ಅವನಿಗೆ ಹೇಳಿದೆನೋ! ವಾರಕ್ಕೆ ಒಂದು ಹೆಜ್ಜೆ ಮೇಲೆ ಬಂದ. ಹಲಗೆಗೆ ಹದಿನಾಲ್ಕು ಹೆಜ್ಜೆ. ಅವನು ಹತ್ತಕ್ಕೆ ಬಂದಿದ್ದಾಗ ನನ್ನ ತೊಂಬತ್ತು ದಿನ ಮುಗೀತು, ಖಾಯಂ ಮಾಡಿ ಸಾಲಿನ ಮುಂದಕ್ಕೆ ಹಾಕಿದ್ರು. ಹಿಂದೆ ಬಂದ ಹೊಸಬ ಇಪ್ಪತ್ತೇ ದಿನಕ್ಕೆ ಬಿಟ್ಟು ಹೋದ. ಹೊಸಬ ಬಿಟ್ಟು ಹೋದಾಗಲೆಲ್ಲ ಪಾಪ, ಇವನು ಮತ್ತೆ ನೆಲದಿಂದ ಶುರು ಮಾಡ್ಬೇಕು. ಎಷ್ಟು ಜನ ಬಿಟ್ಟು ಹೋದ್ರು ಅಂತ ಲೆಕ್ಕ ಇಟ್ಟಿದ್ದೀರಾ?"

ತಗಡಿನ ಮೇಲೆ ಮಳೆ ತೆಳುವಾಗಿ, ನಿಂತಿತು. ಹೊರಗಿಂದ ಮೇಸ್ತ್ರಿ ಕೂಗಿದ, "ಏನ್ರೋ, ಮಾವನ ಮನೆಗೆ ಬಂದಿದ್ದೀರಾ? ಏಳ್ರಿ."

ನನ್ನ ಮೈಯೆಲ್ಲ ಮತ್ತೆ ಉರಿಯಿತು. ಮೇಸ್ತ್ರಿ ಮೇಲೆ, ಭಾವನ ಮೇಲೆ, ಹೆದರಿಸಿ ಕೆಲಸ ಮಾಡಿಸುವ ಈ ಮುದುಕನ ಮೇಲೆ. ಬೆನ್ನಿಗೆ ಗೋಣಿ ಹಾಕಿಕೊಂಡು ಎದ್ದೆ.

"ನಾನೇನೂ ಬಿಡಲ್ಲ ಅಜ್ಜ. ನಿನ್ನ ಕತೆಗೆ ಹೆದರಿ ಅಲ್ಲ, ನನ್ನ ಹಟಕ್ಕೆ."

"ಗೊತ್ತು ಕಣಪ್ಪಾ" ಅಂದ ಅಜ್ಜ, ದಬ್ಬಣಕ್ಕೆ ದಾರ ಪೋಣಿಸುತ್ತ. "ಬೆಳಿಗ್ಗೆ ನೀನು ಮೇಲೆ ಹೋಗಿ ಮೂಟೆ ಇಳಿಸಿದ ಮೇಲೆ ನಾನು ಇಲ್ಲಿಂದ ಹಲಗೆ ನೋಡ್ತಾ ಎಣಿಸಿದೆ. ಹನ್ನೊಂದು ಹೆಜ್ಜೆ. ನನ್ನ ಕಾಲದಲ್ಲೂ ಅಷ್ಟು ಮೇಲೆ ಬಂದಿರಲಿಲ್ಲ ಅವನು... ಒಂದೇ ಒಂದು ಮಾತು ಮಗಾ. ಹೀಗೆ ಸಿಟ್ಟಲ್ಲಿ ಮಾತ್ರ ಹತ್ತಬೇಡ. ಅದೊಂದು ಅವನಿಗೆ ಮೊದಲೇ ಬರುತ್ತೆ."