ನಲವತ್ತನೆಯ ಕುಸುಬಿ ಗಿಡ

ಕಾರ್ತಿಕದ ಒಂದು ಬೆಳಿಗ್ಗೆ ಜತ್ತ ಸ್ಟ್ಯಾಂಡಿನಲ್ಲಿ ಸೊರಡಿ ಬಸ್ಸಿಗೆ ಕಾಯುತ್ತಿದ್ದ ಶಿದ್ರಾಯನ ಕಿವಿಗೆ ಬೀಳುವಂತೆ, ಪಕ್ಕದ ಬೆಂಚಿನಲ್ಲಿ ಬೀಜ ಕೇಂದ್ರದಲ್ಲಿ ಕೆಲಸ ಮಾಡುವ ರೂಪಾಲಿ ಫೋನಿಟ್ಟು ಅತ್ತೆ ಚಂದ್ರಾಬಾಯಿಯ ಕಡೆ ತಿರುಗಿದಳು.

“ಅತ್ತಿ, ಎಲಿ ಪರೀಕ್ಷಾದ ರಿಸಲ್ಟ ಬಂತ್ರಿ. ನಮ್ಮ ಹೊಲದಾಗಿನ ಇನ್ನೂರು ಕುಸುಬಿ ಗಿಡದಾಗ, ಬೇಕಾದ ಎಣ್ಣಿ ಗುಣ ಇರೂದು ನಲವತ್ತನೇ ನಂಬರಿಗಷ್ಟ ಅಂತ.”

“ಚಲೋ ಆತಲ್ಲವ್ವ.”

“ನಿನ್ನಿ ಪಲ್ಯಾಕ ಕುಸುಬಿ ಸೊಪ್ಪು ಎಲ್ಲಿಂದ ತಂದ್ರಿ?”

“ಆ ಹೊಲದಿಂದನ. ಕುಸುಬಿ ದಟ್ಟಾದ್ರ ತಗೀಬೇಕಲ್ಲ? ನೀನೂ ಎರಡು ಸಲ ಹಾಕಿಸಿಕೊಂಡಿ.”

“ನಂಬರ್ ಚೀಟಿ ಕಟ್ಟಿದ ಗಿಡ ಮುಟ್ಟಿದ್ರೇನ್ರಿ?”

“ಎಲ್ಲಾಕ್ಕೂ ಚೀಟಿ ಐತೆಲ್ಲ!”

“ನಲವತ್ತನೇದು ಬನ್ನಿ ಗಿಡದ ಬುಡಕ ಇತ್ರಿ.”

ಚಂದ್ರಾಬಾಯಿ ಮಡಿಲಲ್ಲಿದ್ದ ಚೀಲವನ್ನು ಬೆಂಚಿನ ಮೇಲಿಟ್ಟಳು. “ಅಲ್ಲೆ ಎಲಿ ಎಳೇವು ಇದ್ದೂ.”

“ಚಿವುಟಿದ್ರೋ, ಕಿತ್ತಿದ್ರೋ?”

“ಚಿವುಟಿದಂಗ ನೆನಪು. ಬೇರು ಉಳಿದ್ರ ಚಿಗೀತೈತಿ, ಹೌದಿಲ್ಲೊ?”

“ಉಳಿದಿದ್ರ.”

ಹೊಲದ ಕಡೆ ಹೋಗುವ ಕರಜಗಿ ಬಸ್ಸು ನಿಲ್ಲುವ ಮೊದಲೇ ಚಂದ್ರಾಬಾಯಿ ಚೀಲವನ್ನು ಬೆಂಚಿನ ಮೇಲೇ ಮರೆತು ಓಡಿದಳು. ಅದನ್ನೆತ್ತಿಕೊಂಡು ರೂಪಾಲಿಯೂ ಹತ್ತಿದಳು. ಅಂದು ಸೋಮವಾರ, ಅವಳಿಗೆ ಕೇಂದ್ರದಲ್ಲಿ ಕೆಲಸದ ದಿನ.