ಅಣ್ಣ ಬಿಚ್ಚುವ ಬೋಲ್ಟು

ಸಂಜೆ ಐದಕ್ಕೇ ಹಿಡಿದ ಮಳೆ ಗ್ಯಾರೇಜಿನ ತಗಡಿನ ಮೇಲೆ ಕಾಳು ಸುರಿದಂತೆ ಸದ್ದು ಮಾಡುತ್ತಿತ್ತು. ನನ್ನ ಹಳೆಯ ಕಾರಿನಲ್ಲಿ ದೀಪ ಹಾಕಿದರೆ ಹಾರನ್ ಸಾಯುತ್ತಿತ್ತು, ಹಾರನ್ ಒತ್ತಿದರೆ ದೀಪ. ಒಳಗೆ ಬಾನೆಟ್ ಎತ್ತಿ ರಿಪೇರಿ ಮಾಡುತ್ತಿದ್ದವಳು, ಊರವರೆಲ್ಲ ಫ್ಯೂಸಜ್ಜ ಎಂದು ಕರೆಯುವ ಮುದುಕರ ಮಗಳು. ಹೊರಗಿನ ಬೆಂಚಿನ ಮೇಲೆ ನಾವು ಮೂವರು ಗಿರಾಕಿಗಳು, ಎದುರಿಗೆ ಅಜ್ಜ. ಮೂವತ್ತು ವರ್ಷ ಗಾಡಿಗಳ ವೈರಿಂಗ್ ಕೆಲಸ ಮಾಡಿದವರು ಈಗ ಒಂದು ಸ್ಪ್ಯಾನರನ್ನೂ ಮುಟ್ಟುವುದಿಲ್ಲ. "ಏನಜ್ಜ, ಶಾಕ್ ಹೊಡೆಯುತ್ತೆ ಅಂತ ಭಯಾನಾ?" ಎಂದು ಕೆಣಕಿದೆ. ಅಜ್ಜ ದುರುಗುಟ್ಟಿ ನೋಡಿದರು.

"ಹಲ್ಲು ಕಿರೀಬೇಡಿ. ಕೇಳಿದ್ರಲ್ಲ, ಬಾಯ್ಮುಚ್ಕೊಂಡು ಕೇಳಿಸ್ಕೊಳ್ಳಿ. ನನಗೊಬ್ಬ ಅಣ್ಣ ಇದ್ದ. ಈ ಕೆಲಸ ಕಲಿಸಿದ್ದೇ ಅವನು. ಯಾವ ಗಾಡಿ ಬಂದ್ರೂ ಮೊದಲು ಅರ್ತಿಂಗ್ ನೋಡೋ ಅಂತಿದ್ದ... ಬ್ಯಾಟರಿಯಿಂದ ಗಾಡಿ ಮೈಗೆ ಹೋಗೋ ದಪ್ಪ ವೈರು, ಅದರ ಬೋಲ್ಟು ಲೂಸಾದ್ರೆ ಇಡೀ ಗಾಡಿ ಕುರುಡು. ಆದ್ರೆ ಅವನ ಬಾಯಿ ಇತ್ತಲ್ಲ, ಅಯ್ಯಯ್ಯೋ! ಒಂದಿನ ತನ್ನ ಕಾರನ್ನೇ ತಂದ, ದೀಪ ಮಿಣುಕ್ತಿದೆ, ನನ್ನ ಕಣ್ಣು ಮಂಜು, ನೀನೇ ನೋಡು ಅಂದ. ಅಷ್ಟಕ್ಕೇ ಸುಮ್ನಿರಬಾರದಾ? ದನ ಕಾಯೋಕೆ ಲಾಯಕ್ಕಾದೋನು, ನಿನಗೆಲ್ಲಿ ಸಿಗುತ್ತೆ ಅಂತ ನಾಲ್ಕು ಜನರ ಎದುರು ನಕ್ಕ. ಐದೇ ನಿಮಿಷಕ್ಕೆ ಸಿಕ್ತು. ಬೋಲ್ಟು ಕೈಯಲ್ಲೇ ತಿರುಗ್ತಿತ್ತು. ಒಂದು ಸುತ್ತು ಬಿಗಿದಿದ್ರೆ ಮುಗೀತಿತ್ತು... ಬಿಗೀಲಿಲ್ಲ. ದಾರೀಲಿ ನಿಂತು ಒದ್ದಾಡ್ಲಿ, ಬಂದು ನನ್ನ ಕಾಲು ಹಿಡೀಲಿ ಅಂತ ಸಿಟ್ಟು. ಸರಿಯಾಯ್ತು, ತಗೊಂಡ್ಹೋಗು ಅಂದೆ. ಅವತ್ತೂ ಇಂಥದೇ ಮಳೆ. ಇಳಿಜಾರಿನ ತಿರುವಲ್ಲಿ ಎಲ್ಲ ದೀಪ ಒಟ್ಟಿಗೆ ಆರಿ ಕಾರು ನಿಂತಿದೆ... ಹಿಂದಿಂದ ಬಂದ ಲಾರಿಯವನಿಗೆ ಏನು ಕಂಡೀತು ಹೇಳಿ? ಕೊಂದೋನು ಅವನಲ್ಲ, ನಾನು."

ಅಜ್ಜ ಕುರ್ಚಿಯನ್ನು ಬೆಂಚಿನ ಹತ್ತಿರಕ್ಕೆ ಎಳೆದುಕೊಂಡರು.

"ಆಮೇಲೆ ನಾನು ಮುಟ್ಟಿದ ಗಾಡಿ ಒಂದೊಂದೂ ಮಾರನೇ ದಿನ ವಾಪಸ್. ಅರ್ತಿಂಗ್ ಬೋಲ್ಟು ಲೂಸ್. ಹೊಸ ವಾಷರ್ ಹಾಕಿದೆ, ಕೊನೆಗೆ ವೆಲ್ಡಿಂಗೇ ಮಾಡಿಸಿದೆ, ಅದೂ ಬಿಚ್ಕೊಂಡಿತ್ತು... ವೆಲ್ಡಿಂಗ್ ಮಾಡಿದ್ದನ್ನ ಯಾರ್ರೀ ಕೈಯಲ್ಲಿ ಬಿಚ್ತಾರೆ? ಅಣ್ಣನ ಹೆಬ್ಬೆರಳು ಫ್ಯಾನ್ ಬೆಲ್ಟಿಗೆ ಸಿಕ್ಕಿ ಅರ್ಧ ತುಂಡಾಗಿತ್ತು. ಗ್ರೀಸಿನ ಮೇಲೆ ಅದೇ ಮೊಂಡು ಬೆರಳಿನ ಅಚ್ಚು. ಆ ವೆಲ್ಡಿಂಗ್ ಗಾಡೀಲಿ ಹೋಗಿದ್ದ ಗಂಡ ಹೆಂಡತಿ ಕೂದಲೆಳೆಯಲ್ಲಿ ಬದುಕಿದ್ರು. ಅವತ್ತೇ ಕೆಲಸ ಬಿಟ್ಟೆ."

ಅಜ್ಜ ಒಳಗೊಮ್ಮೆ ನೋಡಿ ದನಿ ತಗ್ಗಿಸಿದರು.

"ಮಗಳು ಅಂಗಡಿಗೆ ಕೂತು ಏಳು ವರ್ಷ. ಒಂದೂ ಗಾಡಿ ವಾಪಸ್ ಬರಲಿಲ್ಲ, ಅಣ್ಣ ತಣ್ಣಗಾದ ಅಂದ್ಕೊಂಡೆ. ಹೋದ ವಾರ ಕೇಳಿದ್ಲು, ದೊಡ್ಡಪ್ಪ ನಿಜವಾಗ್ಲೂ ಹೇಗೆ ಸತ್ತಿದ್ದಪ್ಪಾ ಅಂತ. ಲಾರಿಯವನು ಕುಡಿದಿದ್ದ ಅಂದ್ಬಿಟ್ಟೆ... ಮಾರನೇ ದಿನದಿಂದ ನಾಲ್ಕು ಗಾಡಿ ವಾಪಸ್ ಬಂದಿವೆ. ತನ್ನ ಕೈಗೇ ಏನೋ ಆಗಿದೆ ಅಂತ ಕೂತು ಅಳ್ತಾಳೆ. ನಿಜ ಹೇಳಿದ್ರೆ ಅಣ್ಣ ಬಿಟ್ಟಾನು. ಹೇಗೆ ಹೇಳ್ಲಿ? ದೊಡ್ಡಪ್ಪ ಅಂದ್ರೆ ಅವಳಿಗೆ ಪ್ರಾಣ. ಆಮೇಲೆ ನನ್ನ ಮುಖ ನೋಡ್ತಾಳಾ?"

ಒಳಗೆ ಬಾನೆಟ್ ಮುಚ್ಚಿದ ಸದ್ದಾಯಿತು. ಮಗಳು ಕೈ ಒರೆಸಿಕೊಳ್ಳುತ್ತ ಬಂದು ನನಗೆ ಕೀ ಚಾಚಿದಳು. "ಅರ್ತಿಂಗ್ ಲೂಸಿತ್ತು ಸಾರ್, ಅಷ್ಟೆ. ಗಟ್ಟಿಯಾಗಿ ಬಿಗಿದಿದೀನಿ." ಅವಳು ಮತ್ತೆ ಒಳಗೆ ಹೋಗುವವರೆಗೂ ಅಜ್ಜ ಅವಳ ಬೆನ್ನನ್ನೇ ನೋಡುತ್ತಿದ್ದರು.

"ಇವತ್ತೂ ನನ್ನ ಕೈಲಿ ಹೇಳೋಕಾಗಲ್ಲ," ಎಂದರು. "ನೀವು ಬಸ್ಸಿಗೆ ಹೋಗಿ."